ಜಡೆಯಂಚಿನ ಜಾಲರಿ ಶಾಲು

ಶಿವನಸಮುದ್ರಕ್ಕೆ ಹೋಗಿಬಂದವರು ಮನೆಯಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತಾರೆ. ಮೊದಲನೆಯದು ಗಗನಚುಕ್ಕಿ ಭರಚುಕ್ಕಿಗಳ ಧುಮುಕುವ ನೀರು. ಎರಡನೆಯದು ಬ್ಲಫ್ ಎಂದು ಕರೆಯುವ ಸ್ಥಳದಲ್ಲಿರುವ ಹಳೆಯ ವಿದ್ಯುದಾಗಾರ. 1902ನೆಯ ಇಸವಿ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಮೂರು ವರ್ಷಗಳ ತರುವಾಯ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ಅದೇ ಕಾವೇರಿಯ ದೀಪ ಹತ್ತಿತು.

ಅಲ್ಲಿ ನೋಡತಕ್ಕ ಮೂರನೆಯ ಸಂಗತಿಯೊಂದುಂಟು. ಒಂದೇ ಹೊಳೆಯಾಗಿ ಬಂದ ಕಾವೇರಿ ಅಲ್ಲಿ ಎರಡು ಕವಲಾಗುತ್ತದೆ. ನಡುವೆ ಒಂದು ದ್ವೀಪವನ್ನು ಬಿಡುತ್ತದೆ. ಎರಡು ಕಡೆ ಧುಮುಕಿ, ಕೆಳಗೆ ಹೋಗಿ ಮತ್ತೆ ಒಂದಾಗುತ್ತದೆ. ಪ್ರತಿದಿನವೂ ಮಗಳ ತಲೆ ಬಾಚುವ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಬೇರೆಯಾಗಬೇಕು, ಒಂದರ ಮೇಲೊಂದು ದಾಟಬೇಕು, ಮತ್ತೆ ಕೂಡಬೇಕು. ಜಡೆಯೆಂದರೆ ಇಷ್ಟೆ. ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದೂ ಇಂಥದೊಂದು ಜಡೆಯ ವಿಚಾರವೇ. ಅದು ಕೂದಲಿನದಲ್ಲ, ಉಣ್ಣೆಯದು. ಕಡ್ಡಿಗಳಿಂದ ಹೆಣೆದ ಜಾಲರಿ ಶಾಲು, ಅದರ ಎರಡು ಅಂಚಿಗೂ ಜಡೆ. ಚಳಿಗಾಲದಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳುವ ಈ ಸಣ್ಣ ವಸ್ತುವಿನೊಳಗೆ ದೊಡ್ಡದೊಂದು ಚರಿತ್ರೆ ಅಡಗಿದೆ.

ಮೊದಲು ಮಾತನ್ನು ನೋಡೋಣ. ನೇಯ್ಗೆ ಬೇರೆ, ಹೆಣಿಗೆ ಬೇರೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಹೆಣಿಗೆಗೆ ಒಂದೇ ದಾರ ಸಾಕು. ಆ ದಾರವನ್ನು ಕುಣಿಕೆ ಮಾಡಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದು, ಹೀಗೆಯೇ ಮುಂದುವರಿದರೆ ಬಟ್ಟೆ ತಾನಾಗಿ ಬೆಳೆಯುತ್ತದೆ. ಎರಡು ಕಡ್ಡಿಯ ಈ ಕೆಲಸ ನಮ್ಮ ಸೀಮೆಗೆ ಹೊರಗಿನಿಂದ ಬಂದದ್ದು. ಆದರೆ ಅದಕ್ಕೆ ಹೊಸ ಹೆಸರು ಹುಡುಕಬೇಕಾಗಿ ಬರಲಿಲ್ಲ. ಜಡೆ ಹೆಣೆಯುತ್ತಿದ್ದೆವು, ಬಲೆ ಹೆಣೆಯುತ್ತಿದ್ದೆವು, ತಡಿಕೆ ಹೆಣೆಯುತ್ತಿದ್ದೆವು, ಕಾವೇರಿಯನ್ನು ದಾಟಿಸುವ ಹರಿಗೋಲನ್ನೂ ಬಿದಿರಿನಿಂದ ಹೆಣೆಯುತ್ತಿದ್ದೆವು. ಉಣ್ಣೆಯ ದಾರ ಬಂದಾಗ ಅದನ್ನೂ ಹೆಣೆದೆವು. ವಿಚಾರಮಾಡಿ ನೋಡಿದರೆ, ಜಾಲರಿ ಶಾಲಿನ ನಡುಭಾಗ ಬೆಸ್ತರ ಬಲೆ. ಅಂಚು ಹೆಣ್ಣುಮಕ್ಕಳ ಜಡೆ.

ಬಲೆ ಹೇಗಾಗುತ್ತದೆ? ಕಡ್ಡಿಯ ಮೇಲೆ ದಾರವನ್ನು ಒಂದು ಸುತ್ತು ಬರಿದೇ ಹಾಕಿದರೆ ಅಲ್ಲೊಂದು ತೂತು ಬೀಳುತ್ತದೆ. ಆದರೆ ಕುಣಿಕೆಗಳ ಲೆಕ್ಕದಲ್ಲಿ ಒಂದು ಹೆಚ್ಚಾಗುತ್ತದೆ. ಆದುದರಿಂದ ಪಕ್ಕದಲ್ಲಿಯೇ ಎರಡು ಕುಣಿಕೆಗಳನ್ನು ಕೂಡಿಸಿ ಒಂದಾಗಿ ಹೆಣೆಯಬೇಕು. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಳೆಯಬೇಕು. ಎಲೆಯೋ ಅಲೆಯೋ ವಜ್ರದ ಹರಳೋ, ಎಂಥ ಚಿತ್ತಾರವಾದರೂ ಈ ಕೂಡು-ಕಳೆಯ ಲೆಕ್ಕದಿಂದಲೇ ಹುಟ್ಟುವುದು. ಒಂದು ಸುತ್ತು ಮರೆತರೆ ಮುಂದಿನ ಸಾಲು ಪೂರ್ತಿ ಜಾರುತ್ತದೆ.

ಜಡೆಯ ಕ್ರಮ ಬೇರೆ. ಆರು ಕುಣಿಕೆಗಳ ಪಟ್ಟಿಯೆಂದು ಇಟ್ಟುಕೊಳ್ಳಿ. ಮೊದಲ ಮೂರನ್ನು ಒಂದು ಚಿಕ್ಕ ಕಡ್ಡಿಗೆ ತೆಗೆದು ಮುಂದಕ್ಕೆ ನಿಲ್ಲಿಸಿ, ಹಿಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ನಿಲ್ಲಿಸಿದ ಮೂರನ್ನು ಹೆಣೆಯಬೇಕು. ಎಳೆಗಳು ಒಂದರ ಮೇಲೊಂದು ದಾಟಿಹೋದವು. ಕೆಲವು ಸಾಲು ಸೀದಾ ಹೋಗಿ ಮತ್ತೊಮ್ಮೆ ಹಾಗೆಯೇ ಮಾಡಿದರೆ ಹಗ್ಗ ಹೊಸೆದಂತೆ ಕಾಣುತ್ತದೆ. ಜಡೆಯ ಎರಡು ಪಕ್ಕಕ್ಕೂ ಎರಡೆರಡು ಉಲ್ಟಾ ಕುಣಿಕೆಗಳಿದ್ದರೆ ಅದು ಉಬ್ಬಿ ನಿಲ್ಲುತ್ತದೆ. ಎಡ ಅಂಚಿನಲ್ಲಿ ಮೂರನ್ನು ಮುಂದೆ ನಿಲ್ಲಿಸಿದ್ದರೆ, ಬಲ ಅಂಚಿನಲ್ಲಿ ಹಿಂದೆ ನಿಲ್ಲಿಸಬೇಕು. ಆಗ ಎರಡು ಜಡೆಗಳೂ ಒಂದನ್ನೊಂದು ನೋಡುತ್ತಿರುವಂತೆ ಹೊರಳುತ್ತವೆ.

ಕೇಳುವುದಕ್ಕೆ ಸುಲಭ. ತೊಡಕಿರುವುದು ಎರಡನ್ನೂ ಕೂಡಿಸುವಲ್ಲಿ. ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಜಾಲರಿ ಹೊರಕ್ಕೆ ಹರಡುತ್ತದೆ. ಅಂಚು ಬಿಗಿ, ನಡು ಸಡಿಲ. ತಿಳಿಯದವರು ಹೆಣೆದರೆ ಶಾಲು ದೋಣಿಯಂತೆ ಬಾಗುತ್ತದೆ. ತಿಳಿದವರು ಜಡೆಗೆ ಒಂದೆರಡು ಕುಣಿಕೆಗಳನ್ನು ಹೆಚ್ಚಾಗಿ ಕೊಟ್ಟು, ಹೊರಳನ್ನು ಆರು ಸಾಲಿಗೊಮ್ಮೆ ಹಾಕುವ ಬದಲು ಎಂಟು ಹತ್ತು ಸಾಲಿಗೊಮ್ಮೆ ಹಾಕುತ್ತಾರೆ. ಮುಗಿದ ಮೇಲೆ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ಚಾಪೆಯ ಮೇಲೆ ಗುಂಡುಸೂಜಿಗಳಿಂದ ಎಳೆದು ಕಟ್ಟಿ ಒಣಗಿಸುತ್ತಾರೆ. ಮುದುಡಿದ ಹಿಡಿಯಷ್ಟು ಉಣ್ಣೆ ಆಗ ಬಲೆಯಾಗಿ ಅರಳುತ್ತದೆ.

ಇನ್ನು ಚರಿತ್ರೆಗೆ ಬರೋಣ. ಹೆಣಿಗೆಯ ಹಳೆಯ ಚೂರುಗಳು ದೊರೆತಿರುವುದು ಹಿಮದ ನಾಡಿನಲ್ಲಲ್ಲ, ಈಜಿಪ್ಟಿನ ಒಣ ಮರಳಿನಲ್ಲಿ. ಸುಮಾರು 11ನೆಯ ಶತಮಾನದಿಂದ ಈಚಿನ ಹತ್ತಿಯ ಕಾಲುಚೀಲಗಳು ಅಲ್ಲಿ ಸಿಕ್ಕಿವೆ. ನೀಲಿ ಬಿಳಿ ದಾರಗಳಲ್ಲಿ ನಾಜೂಕಾದ ಚಿತ್ತಾರ ಮೂಡಿಸಿದವು. ಸ್ಪೇನಿನ ಬುರ್ಗೋಸ್ ಎಂಬಲ್ಲಿ 1275ರಲ್ಲಿ ತೀರಿಕೊಂಡ ರಾಜಕುಮಾರನೊಬ್ಬನ ಗೋರಿಯಲ್ಲಿ ಹೆಣೆದ ದಿಂಬಿನ ಚೀಲವಿತ್ತು. ಮುಂದೆ ಯೂರೋಪಿನ ಪಟ್ಟಣಗಳಲ್ಲಿ ಹೆಣಿಗೆಯವರ ಶ್ರೇಣಿಗಳು ಕಟ್ಟಿಕೊಂಡಾಗ ಅವುಗಳ ಯಜಮಾನರು ಗಂಡಸರೇ ಆಗಿದ್ದರು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದ. ಯಂತ್ರ ಬಂದಂತೆಲ್ಲ ಕೈಹೆಣಿಗೆಯ ಬೆಲೆ ಇಳಿಯಿತು. ಬೆಲೆ ಇಳಿದಂತೆಲ್ಲ ಅದು ಬಡವರ ಕೈಗೆ, ಹೆಚ್ಚಾಗಿ ಹೆಂಗಸರ ಕೈಗೆ, ಬಂದು ನಿಂತಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರಿಂದಲೇ ಹೊರಡುತ್ತದೆ.

ಜಾಲರಿ ಶಾಲಿಗೆ ಹೆಸರಾದದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳು. ಮರವಿಲ್ಲದ, ಗಾಳಿ ನಿಲ್ಲದ ನೆಲ. ಗಂಡಸರು ಕಡಲಿಗೆ ಹೋದರೆ ಹೆಂಗಸರು ಹೊಲ, ದನ, ಒಲೆಗಳ ಜೊತೆಗೆ ಹೆಣಿಗೆಯನ್ನೂ ನೋಡಿಕೊಳ್ಳುತ್ತಿದ್ದರು. ಉರುವಲಿನ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವಾಗಲೂ ಕೈಯಲ್ಲಿ ಕಡ್ಡಿಗಳು ಆಡುತ್ತಲೇ ಇರುತ್ತಿದ್ದವು. ಅಲ್ಲಿಯ ಚಿಕ್ಕ ಕುರಿಯ ಕುತ್ತಿಗೆಯ ಮೆತ್ತನೆಯ ಉಣ್ಣೆಯನ್ನು ಕೈಯಿಂದಲೇ ಕಿತ್ತು, ಕೂದಲಿನಷ್ಟು ಸಣ್ಣಗೆ ನೂತು, ಮೀನೆಣ್ಣೆಯ ದೀಪದ ಬೆಳಕಿನಲ್ಲಿ ಅವರು ಹೆಣೆದ ಶಾಲು ಒಂದು ಉಂಗುರದೊಳಗೆ ತೂರಿಬರುತ್ತಿತ್ತು. ನಮ್ಮಲ್ಲಿ ಢಾಕಾ ಮಸ್ಲಿನ್ನಿನ ವಿಷಯವಾಗಿ ಹೇಳುವ ಮಾತೇ ಅಲ್ಲಿಯೂ ಉಂಟು.

ಈ ಹೆಣಿಗೆಗೆ ಲಂಡನ್ನಿನ ಬಾಗಿಲು ತೆರೆದವರಲ್ಲಿ ಆರ್ಥರ್ ಆಂಡರ್ಸನ್ ಒಬ್ಬ. ಶೆಟ್ಲೆಂಡಿನಲ್ಲಿ ಹುಟ್ಟಿ, ಹಿಂದೂದೇಶಕ್ಕೆ ಟಪಾಲು ತರುತ್ತಿದ್ದ ಪಿ. ಅಂಡ್ ಒ. ಹಡಗು ಕಂಪೆನಿಯ ಸ್ಥಾಪಕರಲ್ಲಿ ಒಬ್ಬನಾದವನು. 1837ರಲ್ಲಿ ಹೊಸದಾಗಿ ಪಟ್ಟಕ್ಕೆ ಬಂದ ವಿಕ್ಟೋರಿಯಾ ರಾಣಿಗೆ ಅವನು ಶೆಟ್ಲೆಂಡಿನ ನವುರಾದ ಕಾಲುಚೀಲಗಳನ್ನು ಕಾಣಿಕೆಯಾಗಿ ಕೊಟ್ಟ. ರಾಣಿ ತೊಟ್ಟದ್ದನ್ನು ಊರೆಲ್ಲ ತೊಡಬಯಸಿತು. 1851ರ ಲಂಡನ್ನಿನ ಮಹಾ ವಸ್ತುಪ್ರದರ್ಶನದಲ್ಲಿ ಶೆಟ್ಲೆಂಡಿನ ಶಾಲುಗಳನ್ನು ಜನ ಮುಗಿಬಿದ್ದು ನೋಡಿದರು.

ಶಾಲಿಗೆ ಬೆಲೆ ಬಂತು. ಹೆಣೆದವಳಿಗೆ ಏನು ಬಂತು? ಇದಕ್ಕೆ ಉತ್ತರ ಸರ್ಕಾರಿ ಕಾಗದಪತ್ರದಲ್ಲಿಯೇ ಇದೆ. ಕೂಲಿಗೆ ಬದಲಾಗಿ ಸಾಮಾನು ಕೊಡುವ ಪದ್ಧತಿಯನ್ನು ವಿಚಾರಿಸಲು ಒಂದು ಆಯೋಗ ನೇಮಕವಾಗಿ, ಶೆಟ್ಲೆಂಡಿನ ಸಂಗತಿಯನ್ನು ಕುರಿತ ಅದರ ವರದಿ 1872ರಲ್ಲಿ ಹೊರಬಿತ್ತು. ಲೆರ್ವಿಕ್ ಪಟ್ಟಣದ ಹೆಣಿಗೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ನುಡಿದರು. ಶಾಲನ್ನು ಅಂಗಡಿಗೆ ಒಯ್ದರೆ ವರ್ತಕ ಹಣ ಕೊಡುತ್ತಿರಲಿಲ್ಲ; ಚಹಾಪುಡಿ, ಬಟ್ಟೆ ಕೊಡುತ್ತಿದ್ದ; ಇಲ್ಲವೇ ಇಂತಿಷ್ಟು ಬಾಕಿಯೆಂದು ಚೀಟಿ ಬರೆದುಕೊಡುತ್ತಿದ್ದ. ಮನೆಯಲ್ಲಿ ಹಿಟ್ಟಿಲ್ಲ, ಉರುವಲಿಲ್ಲ. ಕೈಯಲ್ಲಿ ಇರುವುದು ಚಹಾದ ಪೊಟ್ಟಣ. ಆ ಚಹಾವನ್ನು ಹೊತ್ತು ಮನೆಮನೆಗೆ ತಿರುಗಿ, ನಷ್ಟಕ್ಕೆ ಕೊಟ್ಟು, ಹಿಟ್ಟು ತರಬೇಕು. ರಾಣಿಯ ಹೆಗಲ ಮೇಲಿನ ಶಾಲಿನ ಹಿಂದೆ ಈ ಪೊಟ್ಟಣವೂ ಇತ್ತೆಂಬುದನ್ನು ಆ ವರದಿ ಇಲ್ಲದಿದ್ದರೆ ಯಾರೂ ಬಲ್ಲವರಾಗುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ನಿದರ್ಶನವೂ ಉಂಟು. ರಷ್ಯಾದ ಉರಾಲ್ ನದಿಯ ದಡದ ಒರೆನ್‌ಬರ್ಗಿನಲ್ಲಿ ಆಡಿನ ಒಳತುಪ್ಪಳದಿಂದ ಶಾಲು ಹೆಣೆಯುತ್ತಾರೆ. ಅದನ್ನು ಕುರಿತು ಪಂಡಿತ ರಿಚ್ಕೋವ್ 1766ರಲ್ಲಿ ಬರೆದ. ಆದರೆ 1770ರಲ್ಲಿ ಚಿನ್ನದ ಪದಕ ಬಂದದ್ದು ಹೆಣೆದ ಅವನ ಹೆಂಡತಿ ಯೆಲೆನಾಳಿಗೆ. ಹೆಣೆದವಳ ಹೆಸರು ದಾಖಲೆಯಲ್ಲಿ ಉಳಿಯುವುದು ಅಪರೂಪ. ಉಳಿದದ್ದನ್ನು ನಾವಾದರೂ ಹೇಳಬೇಕು.

ಜಡೆಯಂಚಿನ ಊರು ಬೇರೆ. ಐರ್ಲೆಂಡಿನ ಪಶ್ಚಿಮಕ್ಕೆ ಅರಾನ್ ಎಂಬ ಮೂರು ಕಲ್ಲು ದ್ವೀಪಗಳಿವೆ. ಅಲ್ಲಿಯ ಬೆಸ್ತರ ಬಿಳಿಯ ದಪ್ಪ ಸ್ವೆಟರಿನ ಮೇಲೆ ಜಡೆಗಳು ಹೊರಳುವುದನ್ನು ಚಿತ್ರಗಳಲ್ಲಾದರೂ ನೀವು ನೋಡಿರಬಹುದು. ಅದರ ಬಗ್ಗೆ ಒಂದು ಕಥೆ ಲೋಕದಲ್ಲೆಲ್ಲ ಹಬ್ಬಿದೆ. ಒಂದೊಂದು ಮನೆತನಕ್ಕೂ ಒಂದೊಂದು ಜಡೆಯಂತೆ. ಕಡಲಿನಲ್ಲಿ ಮುಳುಗಿದವನ ಹೆಣ ದಡಕ್ಕೆ ಬಂದಾಗ ಅಂಗಿಯ ಜಡೆಯನ್ನು ನೋಡಿ ಇಂಥ ಮನೆಯವನೆಂದು ಗುರುತಿಸುತ್ತಿದ್ದರಂತೆ. ಸಾವಿರಾರು ವರ್ಷಗಳಿಂದ ಬಂದದ್ದಂತೆ.

ಮನಸ್ಸು ಕಲಕುವ ಕಥೆ. ಆದರೆ ನಿಜವಲ್ಲ. ಬಡ ಜಿಲ್ಲೆಗಳ ಏಳಿಗೆಗಾಗಿ ಸರ್ಕಾರ 1891ರಲ್ಲಿ ಒಂದು ಮಂಡಲಿಯನ್ನು ಸ್ಥಾಪಿಸಿತು. ಮೀನುಗಾರಿಕೆ ಕಲಿಸಲು ಹೊರಗಿನಿಂದ ಬೆಸ್ತರು ಬಂದರು. ಅವರ ಕಡೆಯ ಹೆಣಿಗೆಯನ್ನು ನೋಡಿದ ದ್ವೀಪದ ಹೆಂಗಸರು ತಮ್ಮ ಜಾಣತನದಿಂದ ಅದನ್ನು ಬೆಳೆಸಿದರು. ಅರಾನಿನ ಸ್ವೆಟರಿಗೆ ಇರುವ ವಯಸ್ಸು ನೂರು ವರ್ಷಕ್ಕೆ ಸ್ವಲ್ಪ ಹೆಚ್ಚು, ಅಷ್ಟೆ. 1930ರ ದಶಕದಲ್ಲಿ ಮ್ಯೂರಿಯಲ್ ಗಹಾನ್ ಎಂಬಾಕೆ ಡಬ್ಲಿನ್ನಿನ ತನ್ನ ಅಂಗಡಿಯಲ್ಲಿ ಅವನ್ನಿಟ್ಟು ದ್ವೀಪದವರಿಗೆ ಸಂಪಾದನೆಯ ದಾರಿ ಮಾಡಿಕೊಟ್ಟಳು. ಹೈನ್ಜ್ ಕೀವೆ ಎಂಬ ವ್ಯಾಪಾರಿ ಅಲ್ಲಿ ಒಂದನ್ನು ಕಂಡು, ಅದಕ್ಕೆ ಪುರಾತನ ಕಾಲದ ಗೂಢಾರ್ಥಗಳನ್ನು ಹಚ್ಚಿದ. ಇನ್ನು ಹೆಣದ ಕಥೆಗೆ ಮೂಲ ನಾಟಕಕಾರ ಸಿಂಜ್. 1904ರಲ್ಲಿ ರಂಗಕ್ಕೆ ಬಂದ ಅವನ ನಾಟಕದಲ್ಲಿ ತಂಗಿಯೊಬ್ಬಳು ಮುಳುಗಿದ ಅಣ್ಣನನ್ನು ಗುರುತಿಸುವುದುಂಟು. ಆದರೆ ಹೇಗೆ? ಮನೆತನದ ಜಡೆಯಿಂದಲ್ಲ. ಕಾಲುಚೀಲದಲ್ಲಿ ತಾನೇ ಎಣಿಸಿ ಹಾಕಿದ ಕುಣಿಕೆಗಳಿಂದ, ತಾನೇ ಬಿಟ್ಟ ಕುಣಿಕೆಗಳಿಂದ.

ನನಗೆ ಕಟ್ಟುಕಥೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ. ಮನೆತನದ ಗುರುತೆಂದು ಹೇಳಿದರೆ ಹೆಣೆದವಳು ಮರೆಯಾಗುತ್ತಾಳೆ. ಇಂಥವಳು ಎಣಿಸಿ ಹಾಕಿದ ಕುಣಿಕೆಯೆಂದರೆ ಒಬ್ಬ ಮನುಷ್ಯಳ ಕೈ ಕಣ್ಣ ಮುಂದೆ ಬರುತ್ತದೆ.

ಈಗ ನಮ್ಮ ಕಡೆಗೆ ತಿರುಗೋಣ. ಶಿವನಸಮುದ್ರವಿರುವ ಮಳವಳ್ಳಿ ತಾಲ್ಲೂಕು ಬಂಡೂರು ಕುರಿಗೆ ಪ್ರಸಿದ್ಧ. ಬನ್ನೂರು ಕುರಿಯೆಂದು ಹೇಳುವುದೂ ಅದನ್ನೇ. ಗಿಡ್ಡ ಕಾಲು, ತುಂಬಿದ ಮೈ. ಮಾಂಸಕ್ಕೆ ಅದಕ್ಕೆ ಸಮಾನವಾದ ತಳಿ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೆ ಅದರ ತುಪ್ಪಳ ಒರಟು, ಜಾಲರಿಗೆ ಒದಗತಕ್ಕದ್ದಲ್ಲ. ಚಿತ್ರದುರ್ಗ, ಬಳ್ಳಾರಿ ಸೀಮೆಯ ಕರಿಯ ಕುರಿಯ ಉಣ್ಣೆಯೂ ನಾಜೂಕಿನದಲ್ಲ. ಅದು ಕಂಬಳಿಯ ಉಣ್ಣೆ. ಕುರುಬರ ಮನೆಗಳಲ್ಲಿ ಹೆಂಗಸರು ಅದನ್ನು ನೂಲುತ್ತಿದ್ದರು, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಿದ್ದರು. ಮಳೆಗೆ ಕೊಡೆ, ರಾತ್ರಿಗೆ ಹಾಸಿಗೆ, ದೇವರ ಕೆಲಸಕ್ಕೆ ಗದ್ದುಗೆ, ಎಲ್ಲವೂ ಅದೇ. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಮೆರಿನೊ ಟಗರುಗಳನ್ನು ತರಿಸಿ ನಮ್ಮ ಉಣ್ಣೆಯನ್ನು ಮೆತ್ತಗೆ ಮಾಡುವ ಪ್ರಯತ್ನವೂ ನಡೆಯಿತು, ಅದು ನಿಲ್ಲಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿ ಹುಟ್ಟಿತು. ಮುಂದೆ ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದು, ಊರ ಬಾಯಲ್ಲಿ ಬಿನ್ನಿ ಮಿಲ್ಲಾಯಿತು. ಇಂದು ಆ ಗಿರಣಿ ಇಲ್ಲ. ಅದರ ಕಂಬಳಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟುಕೊಂಡಿರುವ ಮನೆಗಳು ಇವೆ.

ಕಡ್ಡಿಯ ಹೆಣಿಗೆ ಬಂದದ್ದು ಬೇರೆ ಬಾಗಿಲಿನಿಂದ. ದಂಡಿನ ಪ್ರದೇಶದ ದೊರೆಸಾನಿಯರ ಮನೆಗಳಿಂದ, ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳಿಂದ. ಅಕ್ಷರದ ಜೊತೆಗೆ ಸೂಜಿಯ ಕೆಲಸವನ್ನೂ ಕಲಿಸುವುದು ಆ ಶಾಲೆಗಳ ಪದ್ಧತಿ. ಅಲ್ಲಿಂದ ಅದು ನಮ್ಮ ನಡುಮನೆಗೆ ಬಂದು, ಮೊದಲು ಮಗುವಿನ ಕುಲಾವಿಯಾಯಿತು, ಆಮೇಲೆ ಸ್ವೆಟರಾಯಿತು, ಶಾಲಾಯಿತು. ಸೀದಾ, ಉಲ್ಟಾ ಎಂಬ ಎರಡು ಮಾತು ಕಲಿತ ಹುಡುಗಿ ಅರ್ಧ ವಿದ್ಯೆಯನ್ನು ಕಲಿತಂತೆಯೇ.

ಇದೇ ಬಾಗಿಲಿನಿಂದ ಒಳಗೆ ಬಂದ ಇನ್ನೊಂದು ಕೆಲಸದ ಗತಿಯನ್ನು ಇಲ್ಲಿ ಹೇಳಬೇಕು. ಗೋದಾವರಿ ಮುಖಜಭೂಮಿಯ ನರಸಾಪುರದ ಸುತ್ತಮುತ್ತ ಮಿಷನ್ನಿನವರು ಕಲಿಸಿದ ಕೊಕ್ಕೆಸೂಜಿಯ ಜಾಲರಿ, ಅಂದರೆ ಕ್ರೋಷಾ, ಸಾವಿರಾರು ಹೆಂಗಸರ ಜೀವನವಾಯಿತು. ಅವರ ಜಾಲರಿ ದೇಶದೇಶಗಳ ಅಂಗಡಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಬಂದು ನೋಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದೇನೆಂದರೆ, ದಿನವೆಲ್ಲ ದುಡಿದರೂ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತವರು ಬಿಡುವಿನಲ್ಲಿ ಮಾಡುವ ಕೆಲಸವೆಂದು ಹೆಸರು. ಬಿಡುವಿನ ಕೆಲಸಕ್ಕೆ ಕೂಲಿ ಏಕೆ ಹೆಚ್ಚು ಬೇಕು? ಲೆರ್ವಿಕ್ಕಿನ ಚಹಾದ ಪೊಟ್ಟಣ ನೂರು ವರ್ಷಗಳ ತರುವಾಯ ಗೋದಾವರಿಯ ತೀರದಲ್ಲಿ ಬೇರೆ ವೇಷದಲ್ಲಿ ಕಾಣಿಸಿತು.

ನಮ್ಮ ಹತ್ತಿರದಲ್ಲಿಯೇ ಇನ್ನೊಂದು ಕಥೆಯುಂಟು. ಶಿವನಸಮುದ್ರದಿಂದ ಹೊಳೆ ದಾಟಿ, ಕೊಳ್ಳೇಗಾಲ ಹನೂರುಗಳ ಮೇಲೆ ಬೆಟ್ಟದ ಕಡೆಗೆ ಹೋದರೆ ಒಡೆಯರಪಾಳ್ಯ ಸಿಗುತ್ತದೆ. 1974ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ನೆಲೆ ಏರ್ಪಟ್ಟಿತು. ಬೈಲುಕುಪ್ಪೆಯ ನೆಲೆ ಅದಕ್ಕಿಂತ ಹಳೆಯದು, 1960ರ ದಶಕದ ಆರಂಭದ್ದು. ಬೆಚ್ಚನೆಯ ಊರಿಗೆ ಬಂದ ಚಳಿನಾಡಿನ ಜನ ಕಾಡು ಕಡಿದು ಮುಸುಕಿನಜೋಳ ಬೆಳೆದರು, ರತ್ನಗಂಬಳಿ ನೇಯ್ದರು. ಸುಗ್ಗಿ ಮುಗಿದು ಚಳಿ ಬಂದೊಡನೆ ಟಿಬೆಟಿನವರು ಸ್ವೆಟರಿನ ಗಂಟು ಕಟ್ಟಿಕೊಂಡು ನಮ್ಮ ಪಟ್ಟಣಗಳಿಗೆ ಮಾರಲು ಬರುವುದು ವಾಡಿಕೆಯಾಯಿತು. ಮೊದಮೊದಲು ಕೈಯಿಂದ ಹೆಣೆದವು ಇರುತ್ತಿದ್ದವು. ಬರಬರುತ್ತ ಲುಧಿಯಾನದ ಯಂತ್ರದ ಮಾಲೇ ಹೆಚ್ಚಾಯಿತು. ಆ ಯಂತ್ರದ ಸ್ವೆಟರಿನ ಎದೆಯ ಮೇಲೂ ಜಡೆಯೊಂದು ಹೊರಳಿರುವುದನ್ನು ನೋಡಬಹುದು. ಅರಾನಿನ ಹೆಂಗಸರು ಅದನ್ನು ಕಂಡರೆ ತಮ್ಮದೆಂದು ಗುರುತಿಸಿಯಾರು.

ಯಂತ್ರ ಹೆಣೆಯಲಿ, ಬೇಡವೆನ್ನುವವರು ಯಾರು? ಆದರೆ ಕೈಯಿಂದ ಹೆಣೆದ ಒಂದು ಶಾಲನ್ನು ಯಾರಾದರೂ ನಿಮಗೆ ಕೊಟ್ಟಾಗ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ನಡುವೆ 36 ಕುಣಿಕೆಗಳ ಜಾಲರಿ, ಎರಡು ಕಡೆ 12ರಂತೆ ಜಡೆಯಂಚು, ಒಟ್ಟು 60. ಸಾಲುಗಳು 400 ಎಂದಿಟ್ಟುಕೊಂಡರೆ 24,000 ಕುಣಿಕೆಗಳಾದವು. ನಿಮಿಷಕ್ಕೆ 20ರಂತೆ ತಡೆಯಿಲ್ಲದೆ ಹೆಣೆದರೂ 20 ಗಂಟೆ. ಜಾಲರಿಯಲ್ಲಿ ತಡೆಯಿಲ್ಲದೆ ಹೆಣೆಯುವುದಂತೂ ಆಗದ ಮಾತು. ಬಿಚ್ಚಿ ಮತ್ತೆ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಇಷ್ಟಾಗಿಯೂ ನಾವು ಅದನ್ನು ಹೊತ್ತು ಕಳೆಯುವ ಕೆಲಸವೆನ್ನುತ್ತೇವೆ.

ಹೆಣಿಗೆಗೆ ಕೈ ಬೇಕು, ಆಗಾಗ ಕಣ್ಣು ಬೇಕು; ಕಿವಿ ಬಿಡುವಾಗಿರುತ್ತದೆ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಎಷ್ಟು ಕುಲಾವಿಗಳು, ಎಷ್ಟು ಶಾಲುಗಳು ಸಂಗೀತವನ್ನೂ ಭಾಷಣವನ್ನೂ ಕೇಳುತ್ತ ಬೆಳೆದಿವೆಯೋ ಎಣಿಸಿದವರಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥದೊಂದು ಇದ್ದೀತು. ಈ ಸಂಜೆ ಟ್ರಂಕಿನಿಂದ ಅದನ್ನು ಹೊರಗೆ ತೆಗೆಯಿರಿ. ಅಜ್ಜಿಯದೋ ಸೋದರತ್ತೆಯದೋ, ಹೆಣೆದವರ ಹೆಸರನ್ನೂ ವರ್ಷವನ್ನೂ ಒಂದು ಚಿಕ್ಕ ಬಟ್ಟೆಯ ಚೂರಿನ ಮೇಲೆ ಬರೆದು, ಜಡೆಯಂಚಿನ ಹಿಂಬದಿಗೆ ಎರಡು ಹೊಲಿಗೆ ಹಾಕಿಬಿಡಿ. ಹೆಣೆದವರು ಇನ್ನೂ ಇದ್ದರೆ ಅವರ ಬಾಯಿಂದಲೇ ವರ್ಷವನ್ನು ಕೇಳಿ ಬರೆಯಿರಿ. ಕೇಳಿದರೆಂಬ ಸಂತೋಷವಾದರೂ ಅವರಿಗೆ ಸಲ್ಲಲಿ.